ರಾಸ್ ಅಲ್ ಹದ್‌ನಲ್ಲಿ ಸುಮ್ನೆ ಕೂತಿದ್ದು

ನಮ್ಮ ಕೊಪ್ಪಳ, ರಾಯಚೂರು ಕಡೆಯ ಜನ ಸಮುದ್ರ ನೋಡಿದ್ದು ರಜೆ ಹಾಕಿ ಅಲ್ಲ, ಗುಳೆ ಹೋಗಿ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ, ಪಾತ್ರೆ ಚೀಲ, ಮಕ್ಕಳುಮರಿ ಸಮೇತ ಕೂತಿರುತ್ತಾರಲ್ಲ, ಅವರಲ್ಲಿ ಒಂದಿಷ್ಟು ಜನ ಬೆಂಗಳೂರಿಗೆ ಹೋದರೆ ಉಳಿದವರು ಮಂಗಳೂರು, ಉಡುಪಿ, ಗೋವಾ ಅಂತ ಹೊರಡುತ್ತಾರೆ. ಕರಾವಳಿಯ ಎಷ್ಟೋ ಬಿಲ್ಡಿಂಗುಗಳಿಗೆ ಬುಟ್ಟಿ ಬುಟ್ಟಿ ಕಾಂಕ್ರೀಟ್ ಹೊತ್ತವರು ನಮ್ಮವರೇ. ನನ್ನ ಚಿಕ್ಕಪ್ಪ ಮಂಗಳೂರಿನಲ್ಲಿ ವರ್ಷಗಟ್ಟಲೆ ಸೆಂಟ್ರಿಂಗ್ ಕೆಲಸ ಮಾಡಿದವನು. ನಾನು ಸಣ್ಣವನಿದ್ದಾಗ "ಸಮುದ್ರ ಹೆಂಗೈತಿ ಕಾಕಾ?" ಅಂತ ಕೇಳಿದ್ದಕ್ಕೆ, "ಐತಿ. ದೊಡ್ಡದೈತಿ. ಐದನೇ ಅಂತಸ್ತಿನ ಸ್ಲ್ಯಾಬ್ ಮ್ಯಾಲ ನಿಂತ್ರ ಕಾಣತಿತ್ತು" ಅಂದಿದ್ದ. ದಂಡೆಗೆ ಹೋಗಿ ಕೂತಿರಲಿಲ್ಲವಾ ಅಂದರೆ, ಇದೆಂಥ ಪ್ರಶ್ನೆ ಅನ್ನುವ ಹಾಗೆ ನನ್ನ ಮುಖ ನೋಡಿದ. ಭಾನುವಾರ ಅವರಿಗೆ ಬಟ್ಟೆ ಒಗೆಯುವುದಿತ್ತು, ವಾರದ ಕಿರಾಣಿ ತರುವುದಿತ್ತು, ಎಸ್‌ಟಿಡಿ ಬೂತಿನ ಮುಂದೆ ಪಾಳಿ ನಿಲ್ಲುವುದಿತ್ತು. ದಂಡೆಗೆ ಹೋಗಿ ಸುಮ್ನೆ ಕೂರುವುದಕ್ಕೆ ಪಗಾರ ಯಾರು ಕೊಡ್ತಾರೆ?

ನಾನು ಮಸ್ಕತ್‌ಗೆ ಬಂದಿದ್ದೂ ಒಂಥರಾ ಗುಳೆಯೇ. ವಿಮಾನದಲ್ಲಿ ಬಂದೆ, ಎಸಿ ಕೆಳಗೆ ಕೂತು ಲೆಕ್ಕ ಬರೆಯುತ್ತೇನೆ ಅನ್ನುವುದಷ್ಟೇ ವ್ಯತ್ಯಾಸ. ಕಟ್ಟಡ ಕಟ್ಟುವ ಒಂದು ಕಂಪನಿಯಲ್ಲಿ ಕೂಲಿಯವರ ಹಾಜರಿ, ಓವರ್‌ಟೈಮ್, ಪಗಾರ ನೋಡುವುದು ನನ್ನ ಕೆಲಸ. ಒಮಾನ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ, ಅದು ಕಾನೂನು. ಆ ಮೂರು ತಾಸು ನಮ್ಮ ಸೈಟಿನ ಹುಡುಗರು ಅರ್ಧ ಕಟ್ಟಿದ ಗೋಡೆಯ ನೆರಳಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗುತ್ತಾರೆ. ಅವರ ಹಾಜರಿ ಶೀಟಿನಲ್ಲಿ ಆ ಮೂರು ತಾಸಿನ ಖಾಲಿ ಜಾಗ ನೋಡಿದಾಗಲೆಲ್ಲ ಚಿಕ್ಕಪ್ಪನ ನೆನಪಾಗುತ್ತೆ. ಅವನ ಕಾಲದಲ್ಲಿ ಅಂಥ ಜಾಗವೂ ಇರಲಿಲ್ಲ.

ತಮಾಷೆ ಏನಂದರೆ, ಇಷ್ಟು ವರ್ಷ ಇದ್ದರೂ ನನಗೂ ಸಮುದ್ರದ ಜೊತೆ ದೊಡ್ಡ ಒಡನಾಟವೇನೂ ಇರಲಿಲ್ಲ. ಮಸ್ಕತ್ ಅಂದರೆ ಸಮುದ್ರದ ಮಗ್ಗುಲಲ್ಲೇ ಉದ್ದಕ್ಕೂ ಮಲಗಿದ ಊರು. ಆದರೂ ನಾನು ದಂಡೆಗೆ ಹೋಗುತ್ತಿದ್ದುದು ಊರಿನಿಂದ ಯಾರಾದರೂ ಬಂದಾಗ. ಮತ್ರಾ ಕಾರ್ನಿಶ್ ತೋರಿಸು, ಫೋಟೋ ಹೊಡಿ, ಕರಕ್ ಚಹಾ ಕುಡಿಸು, ವಾಪಸ್ ಬಾ. ಅದೂ ಒಂದು ಡ್ಯೂಟಿಯೇ.

ಆದ್ದರಿಂದ 2024ರ ಆಗಸ್ಟ್‌ನಲ್ಲಿ "ಯಾರನ್ನೂ ನೋಡೋದು ಬ್ಯಾಡ, ಏನೂ ಮಾಡೋದು ಬ್ಯಾಡ, ರಾಸ್ ಅಲ್ ಹದ್‌ಗೆ ಹೋಗಿ ಸುಮ್ನೆ ಕುಂದ್ರೋಣು" ಅಂತ ಗಂಗಾವತಿ ಅಂದಾಗ ನಾವೆಲ್ಲ ನಕ್ಕೆವು. ರಾಸ್ ಅಲ್ ಹದ್ ಅಂದರೆ ಒಮಾನ್‌ನ ಪೂರ್ವದ ತುದಿಯಲ್ಲಿರುವ ಕಡಲ ದಂಡೆಯ ಊರು. ಗಂಗಾವತಿ ಅಂದರೆ ಊರಲ್ಲ, ಗೆಳೆಯ. ಇಲ್ಲಿ ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತೇವೆ. ಯಾವಾಗ ಶುರುವಾಯ್ತೋ ಗೊತ್ತಿಲ್ಲ. ಒಬ್ಬ ಗಂಗಾವತಿ, ಒಬ್ಬ ಸಿಂಧನೂರು, ವಯಸ್ಸಿನಲ್ಲಿ ದೊಡ್ಡವನು ಬಳ್ಳಾರಿ ಅಣ್ಣ. ನಾನು ಕುಷ್ಟಗಿ. ಗಂಗಾವತಿಯ ಹೆಂಡತಿ ಮಾತ್ರ ಎಲ್ಲರಿಗೂ ಅಕ್ಕ. ಅಕ್ಕನಿಗೆ ಮಾತ್ರ ನಾವು ಯಾರೂ ಊರಿನ ಹೆಸರು ಇಟ್ಟಿಲ್ಲ. ಇಡುವ ಧೈರ್ಯವೂ ಇಲ್ಲ.

ಸುಮ್ನೆ ಕೂರುವುದು ಅಂತ ಹೊರಟರೂ ಬಳ್ಳಾರಿ ಅಣ್ಣ ಒಂದು ಟೈಮ್ ಟೇಬಲ್ ಮಾಡಿಯೇಬಿಟ್ಟಿದ್ದ. ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಪೆಟ್ರೋಲ್, ಎಲ್ಲಿ ನಾಷ್ಟಾ, ಎಲ್ಲಿ ಎಷ್ಟು ನಿಮಿಷ. ಸಿರುಗುಪ್ಪದಿಂದ ಧರ್ಮಸ್ಥಳಕ್ಕೆ ಟೆಂಪೋ ಟ್ರಾವೆಲರ್‌ನಲ್ಲಿ ಹೋದವರಿಗೆ ಈ ರೋಗ ಗೊತ್ತಿರುತ್ತೆ. ಬೆಳಗ್ಗೆ ನಾಲ್ಕಕ್ಕೆ ಎದ್ದು, ಒಂದೇ ದಿನಕ್ಕೆ ಐದು ದೇವರು ಮುಗಿಸಿ, ರಾತ್ರಿ ಬಸ್ಸಿನಲ್ಲಿ ಸಾಯುವಷ್ಟು ಸುಸ್ತಾಗಿ ಮಲಗಿದರೇನೇ ಅದು ಪ್ರವಾಸ. ಊರಿನಿಂದ ಹೊರಗೆ ಹೋಗಿ ಸುಸ್ತಾಗದೆ ಬಂದರೆ ದುಡ್ಡು ದಂಡ ಅನ್ನುವ ಲೆಕ್ಕ ನಮ್ಮದು. ಅಕ್ಕ ಆ ಚೀಟಿ ಇಸಕೊಂಡು ಓದಿದರು. ಮಡಚಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡರು. "ಇದು ನನ್ನ ಕಡೆ ಇರಲಿ ಅಣ್ಣ" ಅಂದರು. ಮತ್ತೆ ಅದು ಹೊರಗೆ ಬರಲಿಲ್ಲ.

ಮಸ್ಕತ್‌ನಿಂದ ಸೂರ್ ಕಡೆ ಹೋಗುವ ರಸ್ತೆ ಚೆನ್ನಾಗಿದೆ. ಒಂದು ಕಡೆ ಒಣ ಕಲ್ಲಿನ ಗುಡ್ಡ, ಇನ್ನೊಂದು ಕಡೆ ಸಮುದ್ರ. ಸುಮಾರು 200 ಕಿಲೋಮೀಟರ್. ಆಗ ಪೆಟ್ರೋಲ್ ಲೀಟರಿಗೆ 239 ಬೈಸಾ ಇತ್ತು. ಸಾವಿರ ಬೈಸಾಕ್ಕೆ ಒಂದು ರಿಯಾಲ್, ಅಂದರೆ ಒಂದು ರಿಯಾಲ್‌ಗೆ ನಾಲ್ಕು ಲೀಟರಿಗಿಂತ ಜಾಸ್ತಿ. ಊರಿನ ರೇಟಿಗೆ ಹೋಲಿಸಿ ಪ್ರತಿ ಸಲ ಖುಷಿಪಡುವುದು ನಮ್ಮ ಉಚಿತ ಮನರಂಜನೆ. ಗುಡ್ಡಗಳಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಸಂಡೂರಿನ ಗುಡ್ಡದಲ್ಲಿ ಅಗೆದು ಅಗೆದು ಮಿಕ್ಕಿದ್ದಾದರೂ ಮಳೆಗಾಲದಲ್ಲಿ ಹಸಿರಾಗುತ್ತೆ ಅಂತ ಬಳ್ಳಾರಿ ಅಣ್ಣ ಹೇಳುತ್ತಲೇ ಇದ್ದ.

ಕುರಿಯಾತ್ ದಾಟುವಾಗ ಬಿಸಿಲಿನ ಮಾತು ಬಂತು. ಬರಲೇಬೇಕಲ್ಲ. ಬಿಸಿಲು ಅಂದರೆ ನಮ್ಮದು ಅಂತ ರಾಯಚೂರಿನವರಿಗೂ ಬಳ್ಳಾರಿಯವರಿಗೂ ಒಂದು ಹಕ್ಕಿನ ಜಗಳ ಇದೆ. ಆದರೆ ಈ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ಇಡೀ ಹಗಲು ರಾತ್ರಿ ಸೇರಿ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅಂದರೆ ಬೆಳಗಿನ ಜಾವದ ತಂಪು ಹೊತ್ತಿನಲ್ಲೂ 42.6. ಇದನ್ನು ಕೇಳಿ ಸಿಂಧನೂರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮಲ್ಲಿ ಕರೆಂಟ್ ಇರಂಗಿಲ್ಲಲ, ಅದನ್ನೂ ಲೆಕ್ಕ ಹಿಡೀಬೇಕು" ಅಂದ. ಒಪ್ಪಬೇಕಾದ ಮಾತೇ.

ದಾರಿಯಲ್ಲಿ ಬಿಮ್ಮಾದ ಹೊಂಡ ಸಿಗುತ್ತೆ. ನೆಲದಲ್ಲಿ ಧುತ್ತಂತ ಒಂದು ಗುಂಡಿ, ಒಳಗೆ ಹಸಿರು ನೀಲಿ ನೀರು. ಆಕಾಶದಿಂದ ನಕ್ಷತ್ರ ಬಿದ್ದು ಆದದ್ದು ಅಂತ ಸ್ಥಳೀಯರು ಹೇಳುತ್ತಾರೆ. ಸುಣ್ಣಕಲ್ಲು ಒಳಗೊಳಗೇ ಕರಗಿ ಮೇಲಿನ ನೆಲ ಕುಸಿದದ್ದು ಅನ್ನುವುದು ನಿಜವಾದ ಕಾರಣ. ನೋಡಿದೆವು, ಮೆಟ್ಟಿಲು ಇಳಿದು ಕಾಲು ಇಳಿಬಿಟ್ಟೆವು, ಸಣ್ಣ ಮೀನು ಬಂದು ಕಾಲು ಕಚ್ಚಿದವು, ಹೊರಟೆವು. ಜನ ಜಾಸ್ತಿ ಇದ್ದರು.

ಫಿನ್ಸ್ ದಂಡೆಯಲ್ಲಿ ಜನ ಇರಲಿಲ್ಲ. ಬಿಳಿ ಹರಳುಗಲ್ಲಿನ ದಂಡೆ, ನೀರು ತಿಳಿ. ನಮಗೆಲ್ಲ ಈಜು ಬರುತ್ತೆ, ಆದರೆ ನಮ್ಮ ಈಜು ಬೇರೆ ಥರದ್ದು. ನಾನು ಕಲಿತದ್ದು ಹೊಲದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಮೇಲಿನಿಂದ ಯಾರೋ ನೂಕಿದ ಮೇಲೆ. ಗಂಗಾವತಿ ಮತ್ತು ಸಿಂಧನೂರು ಕಲಿತದ್ದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ಬಾವಿಯ ಈಜು ಕೆಳಕ್ಕೆ, ಕಾಲುವೆಯ ಈಜು ಮುಂದಕ್ಕೆ. ಸಮುದ್ರದಲ್ಲಿ ಎರಡೂ ನಡೆಯಲಿಲ್ಲ. ಬಾವಿಗೆ ಧುಮುಕಿದ ಹಾಗೆ ಧುಮುಕಿದರೆ ಉಪ್ಪುನೀರು ಮೇಲಕ್ಕೆ ಎತ್ತಿಬಿಡುತ್ತೆ, ಕಾಲುವೆಯಲ್ಲಿ ಹೋದ ಹಾಗೆ ಹೋದರೆ ಅಲೆ ಹಿಂದಕ್ಕೆ ತಂದು ಹಾಕುತ್ತೆ. ಕೊನೆಗೆ ಎಲ್ಲರೂ ಕೈಕಾಲು ಬಿಟ್ಟು ಅಂಗಾತ ತೇಲಿದೆವು. ಕಿವಿಯೊಳಗೆ ನೀರು, ಮೇಲೆ ಬಿಳಿಚಿದ ಆಕಾಶ, ದೂರದಲ್ಲಿ ಹೈವೇ. ಏನೂ ಮಾಡದೆ ನೀರಲ್ಲಿ ಇರಬಹುದು ಅನ್ನುವುದು ನನಗೆ ಹೊಸ ವಿಷಯ. ಬಾವಿಯಲ್ಲಿ ಕೈ ನಿಂತರೆ ಮುಳುಗುತ್ತೀವಿ ಅಂತಲೇ ಕಲಿಸಿದ್ದರು. ಅಕ್ಕ ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿ ನೀರಲ್ಲಿ ನಿಂತಿದ್ದರು. ಮನೆಯಿಂದ ತಂದಿದ್ದ ಅರಿಶಿನ ಕುಂಕುಮ ಬಿಟ್ಟು ಕೈ ಮುಗಿದರು. ಗಂಗಾವತಿ ಏನೋ ಅನ್ನಲು ಹೋದ, ನಾನು ಕಣ್ಣು ಮಿಟುಕಿಸಿದೆ, ಸುಮ್ಮನಾದ.

ಖಲ್ಹಾತ್‌ನಲ್ಲಿ ನಿಲ್ಲಬೇಕು ಅಂದವನು ಗಂಗಾವತಿಯೇ. ಏನೂ ಮಾಡೋದು ಬ್ಯಾಡ ಅಂದವನು ಅವನೇ, ಅದು ಬೇರೆ ಮಾತು. ಹೆದ್ದಾರಿಯ ಪಕ್ಕದಲ್ಲೇ ಒಂದು ಹಾಳೂರು. ಬೀಬಿ ಮರಿಯಮ್ ಗೋರಿಯೊಂದು ಇನ್ನೂ ನಿಂತಿದೆ, ಮಿಕ್ಕಿದ್ದೆಲ್ಲ ಕಲ್ಲಿನ ರಾಶಿ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಾವು ದೂರದಿಂದಲೇ ನೋಡಿದೆವು. ಒಂದು ಕಾಲಕ್ಕೆ ಇದು ಹೊರ್ಮುಜ್ ರಾಜ್ಯದ ದೊಡ್ಡ ಬಂದರು. ಮಾರ್ಕೊ ಪೋಲೊ ಈ ಊರಿನ ಬಗ್ಗೆ ಬರೆದಿದ್ದಾನೆ, ಇಲ್ಲಿಂದ ಹಿಂದೂಸ್ಥಾನಕ್ಕೆ ಕುದುರೆ ಹೋಗುತ್ತಿದ್ದವು ಅಂತ. ಇಬ್ನ್ ಬತೂತಾ ಕೂಡ ಬಂದಿದ್ದ. ಆಮೇಲೆ 16ನೇ ಶತಮಾನದ ಶುರುವಿನಲ್ಲಿ ಪೋರ್ಚುಗೀಸರು ಬಂದು ಸುಟ್ಟರು.

ಗಂಗಾವತಿಯ ಊರು ಆನೆಗೊಂದಿಗೆ ಹತ್ತಿರ. ಅವನು ಸಣ್ಣವನಿದ್ದಾಗ ಹೊಳೆ ದಾಟಿ ಹಂಪಿಗೆ ಹೋಗಿ ಆಡಿದವನು. "ಮಹಾನವಮಿ ದಿಬ್ಬದ ಮ್ಯಾಲ ಕುದುರಿ ಹಿಡಕೊಂಡು ನಿಂತಾರಲ್ಲ ಟೊಪ್ಪಿಗಿ ಹಾಕ್ಕೊಂಡೋರು, ಅವ್ರು ಈ ಕಡೆಯವ್ರು ನೋಡಪಾ" ಅಂದ. ಹಜಾರ ರಾಮನ ಗುಡಿಯ ಗೋಡೆಯ ಮೇಲೂ ಸಾಲು ಸಾಲು ಕುದುರೆಗಳಿವೆ. ವಿಜಯನಗರದ ಅರಸರಿಗೆ ಕುದುರೆ ಬೇಕಿತ್ತು, ನಮ್ಮ ನಾಡಿನ ಹವೆಗೆ ಒಳ್ಳೆಯ ಕುದುರೆ ಬೆಳೆಯುತ್ತಿರಲಿಲ್ಲ. ಹಾಗಾಗಿ ಹೊರ್ಮುಜ್, ಅರೇಬಿಯಾ ಕಡೆಯಿಂದ ಹಡಗಿನಲ್ಲಿ ಬಂದು ಭಟ್ಕಳ, ಗೋವಾದಲ್ಲಿ ಇಳಿದು ಘಟ್ಟ ಹತ್ತಿ ಬರುತ್ತಿದ್ದವು. ನೂನಿಜ್ ಅನ್ನುವ ಪೋರ್ಚುಗೀಸ್ ಕುದುರೆ ವ್ಯಾಪಾರಿ 1535ರ ಸುಮಾರಿಗೆ ವಿಜಯನಗರದಲ್ಲಿದ್ದ. ಅವನು ಬರೆದಿಟ್ಟ ಒಂದು ವಿಷಯ ನನಗೆ ತುಂಬಾ ಇಷ್ಟ. ಸಾಳುವ ನರಸಿಂಹನ ಕಾಲದಲ್ಲಿ ಕುದುರೆ ಸತ್ತಿದ್ದರೂ ಬದುಕಿದ್ದರೂ ದುಡ್ಡು ಕೊಡುತ್ತಿದ್ದರಂತೆ. ಸಮುದ್ರದ ಮೇಲೆ ಸತ್ತರೆ ಬಾಲ ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಲೆಕ್ಕದಲ್ಲೇ ಹಣ.

ಇದನ್ನು ನಾನು ಹೇಳಿದ ಕೂಡಲೇ ಬಳ್ಳಾರಿ ಅಣ್ಣ ಒಂದು ಪ್ರಶ್ನೆ ಎತ್ತಿದ. ಒಂದೇ ಕುದುರೆಯ ಬಾಲವನ್ನು ಎರಡು ತುಂಡು ಮಾಡಿ ತಂದರೆ? ಲೆಕ್ಕದವನಾಗಿ ನಾನು ಹೇಳಿದೆ, ಬುಡದ ಕಡೆಯ ತುಂಡಿಗೆ ಮಾತ್ರ ಬಿಲ್ ಪಾಸ್ ಮಾಡಬೇಕು ಅಂತ. ಅಲ್ಲಿಂದ ಸೂರ್ ಬರುವವರೆಗೂ ಕಾರಿನಲ್ಲಿ ಇದೇ ಚರ್ಚೆ. ನಾಲ್ಕು ಜನ ದೊಡ್ಡವರು, 500 ವರ್ಷ ಹಿಂದೆ ಸತ್ತ ಕುದುರೆಯ ಬಾಲದ ಬಿಲ್ಲಿನ ಬಗ್ಗೆ ಹೊಟ್ಟೆ ಹುಣ್ಣಾಗುವಷ್ಟು ನಗುವುದು. ವಿಶ್ರಾಂತಿ ಅಂದರೆ ಸಮುದ್ರವಲ್ಲ, ಇಂಥ ಉಪಯೋಗಕ್ಕೆ ಬಾರದ ಮಾತು ಅಂತ ನನಗೆ ಬಲವಾದ ಅನುಮಾನ. ಒಬ್ಬನೇ ಹೋಗಿದ್ದರೆ ಖಲ್ಹಾತ್‌ನ ಬೋರ್ಡ್ ಓದಿ ಮುಂದೆ ಹೋಗುತ್ತಿದ್ದೆ. ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದರು. ನಿಜವಾಗಿ ರಜೆ ಅನುಭವಿಸುತ್ತಿದ್ದವರು ಅವರೊಬ್ಬರೇ.

ಸೂರ್‌ನಲ್ಲಿ ದೋಣಿ ಕಟ್ಟುವ ಜಾಗ ನೋಡಿದೆವು. ಇಲ್ಲಿನ ದೊಡ್ಡ ಮರದ ಹಡಗುಗಳಿಗೆ ತೇಗ ಬರುತ್ತಿದ್ದುದು ನಮ್ಮ ಮಲಬಾರ್ ಕಡೆಯಿಂದ. ಫತಹ್ ಅಲ್ ಖೈರ್ ಅನ್ನುವ ಹಳೆಯ ಹಡಗೊಂದನ್ನು ರಿಪೇರಿ ಮಾಡಿ ನೋಡಲು ಇಟ್ಟಿದ್ದಾರೆ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಅದರ ಹೊಟ್ಟೆ ದೊಡ್ಡದು. ಕುದುರೆಗಳನ್ನು ಎಲ್ಲಿ ಕಟ್ಟುತ್ತಿದ್ದರು ಅಂತ ಸಿಂಧನೂರು ಕೇಳಿದ. ಬಾಲದ ಮಾತು ಮತ್ತೆ ಶುರುವಾಗುತ್ತೆ ಅಂತ ಅಕ್ಕ ಕಾರಿನ ಹಾರ್ನ್ ಹೊಡೆದರು.

ರಾಸ್ ಅಲ್ ಹದ್‌ನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಿದ್ದೆವು. ಅರಬ್ ನಾಡಿನ ಪೂರ್ವದ ತುದಿ ಅದು. ಮಸ್ಕತ್‌ನಲ್ಲಿ ಆಗಸ್ಟ್ ಅಂದರೆ ಒದ್ದೆ ಕಂಬಳಿ ಹೊದ್ದಂಥ ಸೆಕೆ, ಇಲ್ಲಿ ಗಾಳಿ. ಸುಮ್ಮನೆ ಗಾಳಿ ಅಲ್ಲ, ಬಾಗಿಲು ಹಾಕಲು ಭುಜ ಕೊಡಬೇಕು. ಮುಂಗಾರು ಗಾಳಿ ಅರಬ್ಬಿ ಸಮುದ್ರದ ಮೇಲೆ ಹಾಯುವಾಗ ಒಮಾನ್‌ನ ಈ ಕರಾವಳಿಯನ್ನು ಸವರಿಕೊಂಡೇ ಹೋಗುತ್ತೆ. ಮೇಲಿನ ಬಿಸಿನೀರನ್ನು ದಂಡೆಯಿಂದ ದೂರ ತಳ್ಳುತ್ತೆ, ತಳದ ತಣ್ಣೀರು ಮೇಲೆ ಬರುತ್ತೆ. ಅದಕ್ಕೇ ಇಲ್ಲಿ ಸುಡು ಆಗಸ್ಟ್‌ನಲ್ಲೂ ನೀರಿಗೆ ಕಾಲಿಟ್ಟರೆ ಮೈ ಜುಮ್ಮೆನ್ನುತ್ತೆ.

ಇದೇ ಗಾಳಿ ಮುಂದೆ ಹೋಗಿ ನಮ್ಮ ಘಟ್ಟಕ್ಕೆ ಹಾಯುತ್ತೆ. ಕಳಸ, ಶೃಂಗೇರಿ, ತೀರ್ಥಹಳ್ಳಿಯಲ್ಲಿ ಸುರಿಯುತ್ತೆ. ಸುರಿದು ಹಗುರಾಗಿ ನಮ್ಮ ಕಡೆ ಬರುವ ಹೊತ್ತಿಗೆ ಕುಷ್ಟಗಿಗೆ ಕೊಡಲು ಅದರ ಹತ್ತಿರ ಏನೂ ಉಳಿದಿರುವುದಿಲ್ಲ. ನಮ್ಮ ಪಾಲಿನದು ಹೊಳೆಯಾಗಿ ಬರಬೇಕು. ತುಂಗೆಯೂ ಭದ್ರೆಯೂ ಕೂಡಿ, ಹೊಸಪೇಟೆ ಡ್ಯಾಮ್ ತುಂಬಿ, ಕಾಲುವೆಗೆ ಬಿಟ್ಟರೆ ಗಂಗಾವತಿ, ಸಿಂಧನೂರು, ಮಾನ್ವಿಯಲ್ಲಿ ಭತ್ತ. ಮನೆಯ ಮುಂದಿನ ಕಟ್ಟೆ ಮೇಲೆ ಕೂತು ಈ ಗಾಳಿ ತಿನ್ನುತ್ತಾ, "ಹೋಗಪ್ಪ, ಲಗೂನ ಹೋಗು, ಕೊನೀ ಭಾಗಕ್ಕ ನೀರು ಮುಟ್ಟಿಲ್ಲ" ಅಂತ ಸಿಂಧನೂರು ಗಾಳಿಗೇ ಹೇಳುತ್ತಿದ್ದ. ಅವರ ಹೊಲ ಕಾಲುವೆಯ ಕೊನೆ ಭಾಗದಲ್ಲಿದೆ. ಆ ವರ್ಷ ಡ್ಯಾಮ್ ಭರ್ತಿಯಾಗಿತ್ತು, ಎಲ್ಲರೂ ಖುಷಿಯಲ್ಲಿದ್ದರು. ಹಿಂದಿನ ವರ್ಷ ಬರ ನೋಡಿದವರಿಗೆ ಆ ಖುಷಿ ಗೊತ್ತು.

ಸಂಜೆ ಅಕ್ಕ ಒಗ್ಗರಣಿ ಮಾಡಿದರು. ಮಸ್ಕತ್‌ನ ರುವಿಯ ಅಂಗಡಿಯಿಂದ ತಂದ ಮಂಡಕ್ಕಿ ನಮ್ಮ ಕಡೆಯದರ ಹಾಗಲ್ಲ, ನೀರು ಕಂಡರೆ ಕರಗಿಬಿಡುತ್ತೆ. ಅಕ್ಕ ಅದನ್ನು ಜರಡಿಯಲ್ಲಿ ಹಾಕಿ ಮೇಲೆ ನೀರು ಚಿಮುಕಿಸಿ, ಎರಡೇ ಸಲ ಅಲ್ಲಾಡಿಸಿ, ಮುಷ್ಟಿಯಲ್ಲಿ ಹಿಂಡದೆ ಹಾಗೇ ಬಾಣಲೆಗೆ ಸುರಿದರು. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ, ಹುಣಸೆಹುಳಿ, ಮೇಲೆ ಪುಟಾಣಿ ಪುಡಿ. ಬಳ್ಳಾರಿ ಅಣ್ಣ ಮಿರ್ಚಿ ಕರಿಯುವ ಹೊಣೆ ಹೊತ್ತ. ಗಾಳಿಗೆ ಗ್ಯಾಸ್ ಒಲೆ ಮೂರು ಸಲ ಆರಿತು. ಕೊನೆಗೆ ಇಬ್ಬರು ಚಾಪೆ ಅಡ್ಡ ಹಿಡಿದು ನಿಂತೆವು, ಅವನು ಕರಿದ. ಪಕ್ಕದ ಮನೆಯಲ್ಲಿದ್ದ ಒಮಾನಿ ಕುಟುಂಬದ ಮಕ್ಕಳು ಬೇಲಿ ಹತ್ತಿರ ಬಂದು ನೋಡುತ್ತಿದ್ದರು. ಒಂದು ತಟ್ಟೆ ಅಲ್ಲಿಗೂ ಹೋಯಿತು. ಸ್ವಲ್ಪ ಹೊತ್ತಿಗೆ ಆ ತಟ್ಟೆಯ ತುಂಬಾ ಖರ್ಜೂರ ವಾಪಸ್ ಬಂತು. ಜೊತೆಗೆ ಒಂದು ಪ್ರಶ್ನೆ, ಇದಕ್ಕೆ ಎಷ್ಟು ಮೆಣಸಿನಕಾಯಿ ಹಾಕ್ತೀರಿ ಅಂತ. ಅದು ಮೆಣಸಿನಕಾಯಿಯೇ, ಮೇಲೆ ಹಿಟ್ಟು ಹಚ್ಚಿದ್ದೇವೆ ಅಂತ ಹೇಳಲು ನಮ್ಮ ಯಾರ ಅರಬ್ಬಿಯೂ ಸಾಲಲಿಲ್ಲ.

ಮಾರನೇ ದಿನದ ಬಗ್ಗೆ ಹೇಳಲು ಏನೂ ಇಲ್ಲ. ಎದ್ದೆವು, ತಿಂದೆವು, ಕಟ್ಟೆ ಮೇಲೆ ಕೂತೆವು, ಮಲಗಿದೆವು, ಮತ್ತೆ ಕೂತೆವು. ಮೊದಲು ಕಷ್ಟ ಆಯ್ತು. ಬಳ್ಳಾರಿ ಅಣ್ಣನ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ನಾನು ಎರಡು ಸಲ ಆಫೀಸಿನ ಮೇಲ್ ತೆಗೆದೆ. ಸಿಂಧನೂರು ಕಾರು ತೊಳೆದುಬಿಟ್ಟ. ಆ ಉಪ್ಪುಗಾಳಿಯಲ್ಲಿ ಕಾರು ತೊಳೆದು ಏನು ಪ್ರಯೋಜನ? ಕೈ ಖಾಲಿ ಇದ್ದರೆ ತಪ್ಪು ಮಾಡಿದ ಹಾಗೆ ಅನಿಸುವುದು ನಮಗೆ ಮೈಗೇ ಹತ್ತಿದ್ದು. "ಖಾಲಿ ಕುಂತೀಯೇನು?" ಅನ್ನುವುದು ನಮ್ಮ ಕಡೆ ಬೈಗುಳವೇ ಅಲ್ವಾ. ಮಧ್ಯಾಹ್ನ ದಾಟಿದ ಮೇಲೆ ಅಣ್ಣನ ಕಾಲು ತಾನಾಗೇ ನಿಂತಿತು. ಗಂಗಾವತಿ ಒಂದು ಹಳೆ ಕಥೆ ಶುರು ಮಾಡಿದ, ಅರ್ಧಕ್ಕೆ ಬಿಟ್ಟ, ಯಾರೂ ಮುಂದೇನಾಯ್ತು ಅಂತ ಕೇಳಲಿಲ್ಲ. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ, ಅದು ಯಾರಿಗೂ ಭಾರ ಅನಿಸಲೂ ಇಲ್ಲ. ಇಷ್ಟು ವರ್ಷದ ಸ್ನೇಹದಲ್ಲಿ ನಾವು ಒಟ್ಟಿಗೆ ಸುಮ್ಮನಿದ್ದದ್ದು ಇದೇ ಮೊದಲಿರಬೇಕು. ಮಸ್ಕತ್‌ನಲ್ಲಿ ಶುಕ್ರವಾರ ಸೇರಿದರೆ ವೀಸಾ, ಪಗಾರ, ಸೈಟು, ಊರಿನ ರಾಜಕೀಯ. ಬಾಯಿಗೆ ಬಿಡುವೇ ಇರುವುದಿಲ್ಲ.

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ರಾಸ್ ಅಲ್ ಜಿಂಜ್‌ಗೆ ಹೋದೆವು. ಹತ್ತಿರವೇ. ಹಸಿರು ಕಡಲಾಮೆಗಳು ಮೊಟ್ಟೆ ಇಡಲು ಬರುವ ದಂಡೆ ಅದು, ವರ್ಷವಿಡೀ ಬರುತ್ತವೆ, ಬೇಸಿಗೆಯಲ್ಲಿ ಜಾಸ್ತಿ. ಗೈಡ್ ಜೊತೆಗೇ ಹೋಗಬೇಕು. ಫೋನ್ ಆಫ್, ಬೆಳಕು ಬೇಡ, ಮಾತು ಬೇಡ. ಮರಳಿನಲ್ಲಿ ಕತ್ತಲಲ್ಲಿ ನಡೆದು ಹೋಗಿ ನಿಂತೆವು. ಮೊದಲು ಏನೂ ಕಾಣಲಿಲ್ಲ, ಮರಳು ಎರಚುವ ಸದ್ದು ಮಾತ್ರ. ಆಮೇಲೆ ಗೈಡ್ ತನ್ನ ಸಣ್ಣ ದೀಪವನ್ನು ಹಿಂದಿನಿಂದ ಹಿಡಿದ. ನಮ್ಮ ಊಟದ ಮೇಜಿನಷ್ಟು ದೊಡ್ಡ ಆಮೆ. ಮುಂಗಾಲಿನಿಂದ ಮರಳು ತೂರಿ ತಾನು ಕೂರಲು ತಗ್ಗು ಮಾಡಿಕೊಂಡಿತ್ತು. ಹಿಂಗಾಲನ್ನು ಕೈಯಂತೆ ಮಡಚಿ, ಒಂದು ಬೊಗಸೆ ಮರಳು ತೆಗೆದು ಪಕ್ಕಕ್ಕಿಟ್ಟು, ಮತ್ತೊಂದು ಕಾಲಿನಿಂದ ಇನ್ನೊಂದು ಬೊಗಸೆ. ತನ್ನ ಹಿಂದೆ ಏನು ನಡೀತಿದೆ ಅಂತ ಅದಕ್ಕೆ ಕಾಣುವುದೂ ಇಲ್ಲ, ಆದರೂ ಗುಂಡಿಯ ಗೋಡೆ ನೆಟ್ಟಗೆ. ಬಿಳಿ ಮೊಟ್ಟೆಗಳು ಎರಡು ಮೂರರಂತೆ ಉದುರಿದವು. ಒಂದು ಸಲಕ್ಕೆ ನೂರರ ಆಸುಪಾಸು ಇಡುತ್ತವಂತೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅದು ಅಳುವಲ್ಲ, ಮೈಯೊಳಗಿನ ಹೆಚ್ಚಿನ ಉಪ್ಪನ್ನು ಹೊರಗೆ ಹಾಕುವ ದಾರಿ ಅಂತ ಗೈಡ್ ಹೇಳಿದ. ಅಕ್ಕ ಒಪ್ಪಲಿಲ್ಲ. "ಹಡೆಯೋ ನೋವು ಅವನಿಗೇನು ಗೊತ್ತು" ಅಂತ ನನ್ನ ಕಿವಿಯಲ್ಲಿ ಅಂದರು.

ಮೊಟ್ಟೆ ಮುಚ್ಚಿ, ನರಿಗಳಿಗೆ ಗೊತ್ತಾಗದಿರಲೆಂದು ಅಲ್ಲಿಲ್ಲಿ ಮರಳು ಕೆದರಿ ಗುರುತು ಅಳಿಸಿ, ಅದು ಸಮುದ್ರದ ಕಡೆ ಎಳೆದುಕೊಂಡು ಹೋಗುವ ಹೊತ್ತಿಗೆ ಬೆಳಕಾಗುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಬಿಡುತ್ತಿತ್ತು. "ಪಾಪ, ಇದಕ್ಕ ಬಾಣಂತನ ಅನ್ನೋದಿಲ್ಲ" ಅಂದರು ಅಕ್ಕ. ಸೂರ್ಯ ಸಮುದ್ರದಿಂದಲೇ ಎದ್ದ. ಮಲ್ಪೆ, ಕಾರವಾರದ ಫೋಟೋಗಳಲ್ಲಿ ಸೂರ್ಯ ಮುಳುಗುವುದನ್ನು ನೋಡಿ ನೋಡಿ, ಸಮುದ್ರ ಅಂದರೆ ಸಂಜೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಇದೇ ನೀರಿನ ಆಚೆ ದಡದಲ್ಲಿ ನಿಂತರೆ ಲೆಕ್ಕ ಉಲ್ಟಾ.

ವಾಪಸ್ ಬಂದು ಫೋನ್ ಆನ್ ಮಾಡಿದೆವು. ಸಿಂಧನೂರಿನ ಫೋನು ನಿಲ್ಲದೆ ಅಲ್ಲಾಡಲು ಶುರುವಾಯ್ತು. ಊರು ನಮಗಿಂತ ಒಂದೂವರೆ ತಾಸು ಮುಂದೆ, ಅಲ್ಲಿ ಆಗಲೇ ಎಲ್ಲರೂ ಎದ್ದಿದ್ದರು. ಬಹುಶಃ ಮಲಗಿಯೇ ಇರಲಿಲ್ಲ. ಹಿಂದಿನ ರಾತ್ರಿ, ಆಗಸ್ಟ್ 10ರಂದು, ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ಒತ್ತಡ ಕಡಿಮೆ ಮಾಡಲು 33 ಗೇಟುಗಳನ್ನೂ ತೆಗೆದಿದ್ದರು. ತುಂಬಿದ ಡ್ಯಾಮಿನ ನೀರು ಹೊಳೆಗೆ ಹೋಗುತ್ತಿತ್ತು.

ಆಮೇಲೆ ಆ ಮನೆಯಲ್ಲಿ ರಜೆ ಅನ್ನುವುದು ಉಳಿಯಲಿಲ್ಲ ಅಂತ ಬರೆದರೆ ಅದು ಪೂರ್ತಿ ನಿಜವಲ್ಲ. ಮೊದಲ ಒಂದು ತಾಸು ಹಾಗಿತ್ತು. ನಾಲ್ಕು ಫೋನಿನಲ್ಲಿ ನಾಲ್ಕು ವಿಡಿಯೋ. ಬಳ್ಳಾರಿ ಅಣ್ಣನ ಬೀಗರು ಕಂಪ್ಲಿಯವರು, ಹೊಳೆಯ ದಂಡೆ. ಗಂಗಾವತಿಯ ಅಣ್ಣ ನಾಟಿ ಮುಗಿಸಿ ವಾರ ಆಗಿತ್ತು. ನೀರೆಲ್ಲ ಹೋದರೆ ಎರಡನೇ ಬೆಳೆ ಬಿಡು, ಈ ಬೆಳೆಯೇ ಕೈಗೆ ಬರುತ್ತಾ ಅಂತ ಚರ್ಚೆ. ಕಣ್ಣೆದುರಿಗೆ ದಿಗಂತದವರೆಗೆ ನೀರು, ಒಂದು ಚಮಚ ಹೊಲಕ್ಕೆ ಆಗುವುದಿಲ್ಲ. ನಾವು ಹೊರಟು ಮಸ್ಕತ್‌ಗೆ ಹೋದರೂ ಗೇಟು ಕೂರುವುದಿಲ್ಲ. ಆದರೂ ಗಂಗಾವತಿ ಬ್ಯಾಗ್ ತುಂಬಲು ಶುರು ಮಾಡಿದ್ದ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ಕೈ ಖಾಲಿ ಇರಬಾರದು, ಅಷ್ಟೇ.

ಸಿಂಧನೂರು ಅವರಪ್ಪನ ಜೊತೆ ಸ್ಪೀಕರ್ ಹಾಕಿ ಮಾತಾಡಿದ. "ನಾ ಈಗ ಏನ್ ಮಾಡ್ಲಿ ಅಪ್ಪಾ?" ಅಂದ. ಆ ಕಡೆಯಿಂದ ಮುದುಕರು, "ನೀ ಅಲ್ಲಿ ಕುಂತು ಏನ್ ಮಾಡ್ತೀಯಪಾ. ಸಮುದ್ರಕ್ಕ ಹೋಗೀನಿ ಅಂದಿದ್ದೆಲ್ಲ, ನೋಡ್ಕೊಂಡು ಬಾ. ಇಲ್ಲಿ ನಾವೂ ಕಟ್ಟಿ ಮ್ಯಾಲ ಕುಂತೀವಿ" ಅಂದರು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಎಪ್ಪತ್ತು ವರ್ಷದ ಡ್ಯಾಮು, ಅದಕ್ಕಿಂತ ಹೆಚ್ಚಿನ ವಯಸ್ಸಿನ ಮನುಷ್ಯ. ಮಳೆ ಬರದ ವರ್ಷ, ಕಾಲುವೆಗೆ ನೀರು ಬಿಡದ ವರ್ಷ, ಭತ್ತಕ್ಕೆ ರೇಟ್ ಇಲ್ಲದ ವರ್ಷ, ಎಲ್ಲಾ ನೋಡಿದವರು. ಕಾಯುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಕ್ಕ ಚಹಾ ತಂದರು. ಗಂಗಾವತಿ ಬ್ಯಾಗನ್ನು ಹಾಗೇ ಅರ್ಧ ತುಂಬಿ ಬಿಟ್ಟು ಬಂದು ಕೂತ. ಮಧ್ಯಾಹ್ನದವರೆಗೆ ಇದ್ದೆವು. ಫೋನ್ ನೋಡುತ್ತಾ, ಸಮುದ್ರ ನೋಡುತ್ತಾ, ಉಳಿದಿದ್ದ ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ತಿನ್ನುತ್ತಾ. ಒಂದು ವಾರದಲ್ಲಿ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ತಾತ್ಕಾಲಿಕ ತಡೆ, ಇಳಿಸಿ ನೀರು ನಿಲ್ಲಿಸಿದರು, ಆಮೇಲೆ ಮಳೆಯೂ ಆಗಿ ಡ್ಯಾಮ್ ಮತ್ತೆ ತುಂಬಿತು. ಆದರೆ ಅವತ್ತು ಅದು ಯಾರಿಗೂ ಗೊತ್ತಿರಲಿಲ್ಲ.

ಆ ವಾರವೇ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ಕುಷ್ಟಗಿಗೆ ಆ ಕಾಲುವೆಯ ನೀರು ಬರುವುದಿಲ್ಲ, ಹಾಗಾಗಿ ಡ್ಯಾಮಿನ ಮಾತು ಅವನು ಬೇಗ ಮುಗಿಸಿದ. ಸಮುದ್ರಕ್ಕೆ ಹೋಗಿದ್ದೆ ಅಂದೆ.

"ಕಂಪನಿ ಕೆಲಸ ಇತ್ತೇನು?"

"ಇಲ್ಲ ಕಾಕಾ. ಸುಮ್ನೆ ಕೂತಿದ್ವಿ."

"ಎಷ್ಟೊತ್ತು?"

"ಎರಡು ದಿನ."

ಸ್ವಲ್ಪ ತಡೆದು, "ಏನೂ ಮಾಡಲಿಲ್ಲ?" ಅಂತ ಇನ್ನೊಮ್ಮೆ ಕೇಳಿದ. ಆಮೆಯ ವಿಷಯ ಹೇಳಿದೆ. ಮೊಟ್ಟೆ ಎಷ್ಟು, ಗುಂಡಿ ಎಷ್ಟು ಆಳ, ಗೋಡೆ ಕುಸಿಯದ ಹಾಗೆ ಅದು ಮರಳನ್ನು ಹೇಗೆ ತೆಗೆಯುತ್ತೆ ಅಂತ ಒಂದೊಂದೇ ಕೇಳಿದ. ಸಡಿಲ ಮರಳಲ್ಲಿ ಫೌಂಡೇಶನ್ ತೋಡುವುದು ಎಷ್ಟು ಕಷ್ಟ ಅಂತ ಅವನಿಗೆ ಗೊತ್ತು. ಹಸಿ ಮರಳು ಇರಬೇಕು ಕೆಳಗೆ, ಇಲ್ಲಾಂದ್ರೆ ನಿಲ್ಲಂಗಿಲ್ಲ ಅಂತ ತಾನೇ ಹೇಳಿದ. ಹೌದು, ಕೆಳಗೆ ಹಸಿ ಮರಳಿತ್ತು. ಚಳಿಗಾಲದಲ್ಲಿ ಬಾ ಕಾಕಾ, ಟಿಕೆಟ್ ಮಾಡಿಸ್ತೀನಿ, ಇಬ್ಬರೂ ಹೋಗಿ ಕೂರೋಣ ಅಂದೆ. ಅಕ್ಟೋಬರ್‌ನಲ್ಲಿ ಕಡ್ಲಿ ಬಿತ್ತಬೇಕು, ಆಮ್ಯಾಲ ನೋಡೋಣು ಅಂದ. ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕು ಅಂತ ಮಾತ್ರ ಇಡುವ ಮೊದಲು ಕೇಳಿದ.